ನೋಟ್‌ಬುಕ್‌ನಾಗ ತಲಿ, ಮಿದುಳಿನ ಮೂರು ಆಯಾಮದ ಚಿತ್ರ: ಮಿದುಳು ಬುರುಡಿ ಬಿಟ್ಟು ಹೊರಗ ಬರ್ಲತದ, ಯಾಕ?

ಕಾಗಿನಾದಂಡೆ, ಕಲಬುರಗಿ

ನಮಸ್ಕಾರ್ರಿ ಎಲ್ಲರಿಗೂ. ಬಯೋಮೆಡಿಕಲ್ ಕಡೀ ವರ್ಷದ ಹುಡುಗರಿಗಿ ತೋರಿಸ್ಲಾಕ ಜುಪಿಟರ್ ನೋಟ್‌ಬುಕ್‌ನಾಗ (ಪೈಥಾನ್ ಕೋಡ್, ಅದರ ಚಿತ್ರ ಒಂದೇ ಪುಟದಾಗ ಇರೋದು) ಒಂದು ಚಿತ್ರ ಬೇಕಾಗ್ಯದ. ಹೊರಗ ಮುಖದ ಚರ್ಮ, ಒಳಗ ಮಿದುಳಿನ ಪಿಯಲ್ ಪದರ (ಮಿದುಳಿನ ಹೊರಮೈ), ತಲಿ ಮ್ಯಾಲ ಇಇಜಿ ಎಲೆಕ್ಟ್ರೋಡ್ (ಮಿದುಳಿನ ವಿದ್ಯುತ್ ಅಳಿಯೋ ಬಿಲ್ಲಿ). ಮೂರೂ ಒಂದೇ ಚಿತ್ರದಾಗ ಇರಬೇಕು, ಮೌಸ್ ಹಿಡದು ತಿರುಗಿಸ್ಲಾಕ ಬರಬೇಕು.

ಇರೋದು 8 ಜಿಬಿ ರ‍್ಯಾಮ್‌ದ ಲ್ಯಾಪ್‌ಟಾಪ್, ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲ. ಸಾರ್ವಜನಿಕವಾಗಿ ಸಿಗೋ ಒಂದು ಟಿ1 ಎಂಆರ್‌ಐ ತಗೊಂಡದ, 1 ಮಿ.ಮೀ. ವೋಕ್ಸೆಲ್ (ಚಿತ್ರದ ಸಣ್ಣ ಘನ), ನಿಫ್ಟಿ ಅನ್ನೋ ರೂಪದ ಕಡತ. ಅದನ್ನ ಎಂಆರ್‌ಐದಿಂದ ಮಿದುಳಿನ ಮೈ ತಗಿಯೋ ಫ್ರೀಸರ್ಫರ್ ಸಾಫ್ಟ್‌ವೇರ್‌ದ ರಿಕಾನ್-ಆಲ್ ಆಜ್ಞೆಗೆ ಕೊಟ್ಟು ಪಿಯಲ್ ತಗದದ. ಚರ್ಮ ಸೈಕಿಟ್-ಇಮೇಜ್‌ದ ಮಾರ್ಚಿಂಗ್ ಕ್ಯೂಬ್ಸ್‌ಲಿಂದ, ಅದು ವೋಕ್ಸೆಲ್‌ಗಳಿಂದ ಮೆಶ್ (ತ್ರಿಕೋನಗಳ ಜಾಲ) ಮಾಡ್ತದ. ಎಲೆಕ್ಟ್ರೋಡ್ ಜಾಗ ಎಂಎನ್ಇ (ಇಇಜಿ ಲೆಕ್ಕದ ಪೈಥಾನ್ ಲೈಬ್ರರಿ) ಕಡೆಯಿಂದ. ಚಿತ್ರ ಪ್ಲಾಟ್ಲಿಯೊಳಗ, ಅದು ಬ್ರೌಸರ್‌ನಾಗ ತಿರುಗೋ ಚಿತ್ರ ಬರಿಯೋ ಲೈಬ್ರರಿ.

ತೊಂದ್ರಿ ನಾಕು. ಮಿದುಳು ಚರ್ಮದ ಒಳಗ ಕೂಡಲ್ಲ, ಹಿಂದಕ್ಕ ಮತ್ತ ಮ್ಯಾಲಕ್ಕ ಸರದು ಬುರುಡಿ ಬಿಟ್ಟು ಹೊರಗ ಬರ್ಲತದ. ನೆತ್ತಿ ಮ್ಯಾಲ ಚರ್ಮಕ್ಕ ದೊಡ್ಡ ತೂತು, ಮತ್ತ ಬೆಳಕು ಒಳಗಿಂದ ಬಿದ್ದಂಗ ಮುಖ ಕಪ್ಪಗ ಕಾಣಸ್ತದ. ಎಲೆಕ್ಟ್ರೋಡ್ ಅಷ್ಟೂ ನಡುವ ಒಂದೇ ಚುಕ್ಕಿ ಆಗ್ಯಾವ. ಕಡೀಗೆ ಎಚ್‌ಟಿಎಂಎಲ್ ಮಾಡಿ ಹುಡುಗರಿಗಿ ಕಳಿಸಿದ್ರ ಮೊಬೈಲ್‌ನಾಗ ತೆರೀದೇ ಇಲ್ಲ. ಒಂದೊಂದಾಗಿ ಹೇಳ್ರಿ, ಅವಸರ ಇಲ್ಲ.

ಬಿದರಿಕುಸುರಿ, ಬೀದರ್

ಮೊದಲನೇದು ಹೇಳ್ತೀನ್ರಿ. ನಿಮ್ಮ ಚರ್ಮ ಒಂದು ಊರಿನ ನಕಾಶೆಮ್ಯಾಲ ಅದ, ಮಿದುಳು ಇನ್ನೊಂದರ ಮ್ಯಾಲ ಅದ. ಎರಡಕ್ಕೂ ಮಿಲಿಮೀಟರೇ ಅಳತಿ, ಎರಡರಾಗೂ ಎಕ್ಸ್ ಬಲಕ್ಕ, ವೈ ಮುಂದಕ್ಕ, ಝಡ್ ಮ್ಯಾಲಕ್ಕ. ಆದ್ರ ಸೊನ್ನಿ ಬ್ಯಾರೆ ಬ್ಯಾರೆ ಕಡೆ.

ನಿಫ್ಟಿಯ ಅಫೈನ್ ಮ್ಯಾಟ್ರಿಕ್ಸ್ (ವೋಕ್ಸೆಲ್ ಸಂಖ್ಯೆನ್ನ ಮಿ.ಮೀ. ಜಾಗಕ್ಕ ಒಯ್ಯೋದು) ಕೊಡೋದು ಸ್ಕ್ಯಾನರ್‌ದ ಜಾಗ. ಫ್ರೀಸರ್ಫರ್‌ದ ಎಲ್‌ಎಚ್.ಪಿಯಲ್, ಆರ್‌ಎಚ್.ಪಿಯಲ್ (ಎಡ, ಬಲ ಅರ್ಧಗೋಳ) ಕಡತಗಳೊಳಗ ಇರೋದು ಸರ್ಫೇಸ್ ಆರ್‌ಎಎಸ್, ಆರ್‌ಎಎಸ್ ಅಂದ್ರ ಬಲ, ಮುಂದ, ಮ್ಯಾಲ. ಅದರ ಸೊನ್ನಿ ಅಂದ್ರ 256×256×256ಕ್ಕ ಹೊಂದಿಸಿದ ವಾಲ್ಯೂಮ್‌ದ ನಟ್ಟ ನಡು. ಈ ಎರಡರ ನಡುವಿನ ಅಂತರಕ್ಕೇ ಸಿ-ಆರ್‌ಎಎಸ್ ಅಂತಾರ, ಮೂರು ಸಂಖ್ಯೆ. ರೋಗಿ ಸ್ಕ್ಯಾನರ್‌ನಾಗ ಹ್ಯಾಂಗ ಮಲಗಿದ್ರು ಅನ್ನೋದರ ಮ್ಯಾಲ ಅದು ಬದಲಾಗ್ತದ, ಹಂಗಾಗಿ ಒಬ್ಬರದು ಸರಿ ಕೂಡ್ತದ, ಇನ್ನೊಬ್ಬರದು 3 ಸೆಂ.ಮೀ. ಸರೀತದ. ಕಣ್ಣಂದಾಜಿಗೆ ಸರಿಸಿ ಕೂಡಿಸಿದ್ರ ಮುಂದಿನ ತಲಿಗೆ ಮತ್ತ ತಪ್ಪತದ.

ಸರಿ ಮಾಡೋ ದಾರಿ ಎರಡು. ನಿಬೇಬಲ್ (ಪೈಥಾನ್‌ನಾಗ ಈ ಕಡತ ಓದೋ ಲೈಬ್ರರಿ) ಒಳಗಿನ ರೀಡ್_ಜಾಮೆಟ್ರಿ ಕರೀವಾಗ ರೀಡ್_ಮೆಟಾಡೇಟಾ ಚಾಲೂ ಮಾಡ್ರಿ. ಬರೋ ಡಿಕ್ಷನರಿಯೊಳಗ ಸಿಆರ್‌ಎಎಸ್ ಅಂತ ಮೂರು ಸಂಖ್ಯೆ ಇರ್ತಾವ, ಅವನ್ನ ಪಿಯಲ್‌ದ ಎಲ್ಲಾ ಬಿಂದುಗಳಿಗಿ ಕೂಡಿಸ್ರಿ. ಮಿದುಳು ಸ್ಕ್ಯಾನರ್ ಜಾಗಕ್ಕ ಬರ್ತದ. ಇಲ್ಲಾಂದ್ರ ಉಲ್ಟಾ ಮಾಡ್ರಿ: ಚರ್ಮಾನೇ ಮೂಲ ನಿಫ್ಟಿಯಿಂದ ತಗೀಬ್ಯಾಡ್ರಿ, ಫ್ರೀಸರ್ಫರ್‌ದ ಎಂಆರ್‌ಐ ಫೋಲ್ಡರ್‌ನಾಗಿರೋ ಟಿ1.ಎಂಜಿಝಡ್‌ನಿಂದ ತಗೀರಿ, ಅಫೈನ್ ಬದಲಿಗೆ ಹೆಡರ್‌ದ ಗೆಟ್_ವಾಕ್ಸ್2ರಾಸ್_ಟಿಕೆಆರ್ ಬಳಸ್ರಿ, ಅದು ವೋಕ್ಸೆಲ್‌ನ್ನ ಸರ್ಫೇಸ್ ಆರ್‌ಎಎಸ್‌ಗೆ ಒಯ್ಯೋ ಟಿಕೆಆರ್ ಮ್ಯಾಟ್ರಿಕ್ಸ್ ಕೊಡ್ತದ. ಬ್ರೈನ್‌ಮಾಸ್ಕ್.ಎಂಜಿಝಡ್ ತಗೊಂಡ್ರ ಚರ್ಮಾನೇ ಸಿಗಲ್ಲ, ಅದರಾಗ ಬುರುಡಿ ಸುಲಿದಿರ್ತಾರ.

ನೀವು ಎಲೆಕ್ಟ್ರೋಡ್ ಸಹ ಕೂಡಿಸೋರಿದ್ದೀರಿ, ಅದಕ್ಕ ಎರಡನೇ ದಾರೀನೇ ಚಲೋ. ಎಂಎನ್ಇ ತಾನು ಎಂಆರ್‌ಐ ಜಾಗ ಅಂತ ಕರಿಯೋದು ಇದೇ ಸರ್ಫೇಸ್ ಆರ್‌ಎಎಸ್‌ನ್ನ.

ಭೀಮಾತೀರ, ಯಾದಗಿರಿ

ಬಿದರಿಕುಸುರಿ ಅಣ್ಣಾರ ಹೇಳಿದ ಎರಡನೇ ದಾರಿ ಹಿಡಿದ್ರ ಒಂದು ಗುಂಡಿ ಅದ, ಮೊದಲೇ ಹೇಳಿ ಬಿಡ್ತೀನಿ. ಭಾಳ ಮಂದಿಗೆ ಚಿತ್ರ ಲೋಡ್ ಮಾಡಿದ ಕೂಡ್ಲೇ ಆಸ್_ಕ್ಲೋಸೆಸ್ಟ್_ಕ್ಯಾನಾನಿಕಲ್ ಹಾಕೋ ರೂಢಿ. ನಿಫ್ಟಿಗೆ ಅದು ಒಳ್ಳೇದೇ. ಎಂಜಿಝಡ್‌ಗೆ ಟಿಕೆಆರ್ ಮ್ಯಾಟ್ರಿಕ್ಸ್ ಬಳಸೋರಿದ್ರ ಹಾಕಬ್ಯಾಡ್ರಿ. ಕ್ಯಾನಾನಿಕಲ್ ವೋಕ್ಸೆಲ್‌ಗಳ ಸಾಲು ಬದಲಿ ಮಾಡ್ತದ, ಟಿಕೆಆರ್ ಮ್ಯಾಟ್ರಿಕ್ಸ್ ಮಾತ್ರ ಹಳೇ ಸಾಲೇ ಅದ ಅಂತ ತಿಳ್ಕೊಂಡು ಲೆಕ್ಕ ಹಾಕ್ತದ. ಮೂಗು ಕೆಳಗ ಕುತ್ತಿಗಿ ಕಡೆ ಹೋಗ್ತದ.

ಇನ್ನ ಮುಖ ಕಪ್ಪಗಾಗೋದು. ಟಿಕೆಆರ್ ಮ್ಯಾಟ್ರಿಕ್ಸ್‌ದ 3×3 ಭಾಗದ ಡಿಟರ್ಮಿನೆಂಟ್ ಋಣ, ಅಂದ್ರ ಕನ್ನಡಿ ಹಿಡಿದಂಗ ತಿರುವು. ಮಾರ್ಚಿಂಗ್ ಕ್ಯೂಬ್ಸ್ ಕೊಡೋ ತ್ರಿಕೋನಗಳ ಸುತ್ತು ವೋಕ್ಸೆಲ್ ಜಾಗದಾಗ ಸರಿ ಇರ್ತದ, ಮ್ಯಾಟ್ರಿಕ್ಸ್ ಹಾಕಿದ ಮ್ಯಾಲ ಉಲ್ಟಾ ಆಗ್ತದ. ಹೊರಮುಖ ಒಳಮುಖ ಆಗಿ ಬೆಳಕು ಒಳಗಿಂದ ಬೀಳ್ತದ. ಮೂಲ ನಿಫ್ಟಿ ಎಲ್‌ಎಎಸ್ (ಎಡ, ಮುಂದ, ಮ್ಯಾಲ) ಕ್ರಮದಾಗ ಇದ್ರೂ ಇದೇ ಕಥಿ. ಪ್ರತಿ ತ್ರಿಕೋನದ ಮೂರು ಸೂಚಿಗಳ ಕ್ರಮ ಹಿಂದು ಮುಂದು ಮಾಡ್ರಿ, ಸಾಕು. ಡಿಟರ್ಮಿನೆಂಟ್ ನೋಡಿ ಋಣ ಇದ್ರ ಮಾತ್ರ ತಿರುಗಿಸೋ ಒಂದು ಸಾಲು ಬರದು ಇಟ್ರ ಯಾವ ಕಡತಕ್ಕೂ ಆಗ್ತದ.

ನೆತ್ತಿ ತೂತಿಗಿ ಕಾರಣ ಸರಳ ಅದ. ತಲಿ ವಾಲ್ಯೂಮ್‌ದ ಅಂಚಿಗೆ ತಾಗಿದ್ರ ಅಲ್ಲಿ ಆಚೆ ಕಡೆ ಗಾಳಿ ಇಲ್ಲ, ಗಡಿ ಎಲ್ಲಿ ಅಂತ ಅಲ್ಗಾರಿದಮ್‌ಗೆ ಗೊತ್ತಾಗಲ್ಲ, ತೆರದು ಬಿಡ್ತದ. ಸುತ್ತ 1 ವೋಕ್ಸೆಲ್ ಸೊನ್ನಿ ಪ್ಯಾಡ್ ಮಾಡ್ರಿ. ಪ್ಯಾಡ್ ಮಾಡಿದ ಮ್ಯಾಲ ಬರೋ ಬಿಂದುಗಳಿಂದ 1 ಕಳೀರಿ, ಆಮ್ಯಾಲ ಮ್ಯಾಟ್ರಿಕ್ಸ್ ಹಾಕ್ರಿ. ಕಳೀದಿದ್ರ ಇಡೀ ಚರ್ಮ ಮೂರೂ ದಿಕ್ಕಿನಾಗ ಒಂದೊಂದು ಮಿ.ಮೀ. ಸರೀತದ, ಕಣ್ಣಿಗೆ ಕಾಣಲ್ಲ, ಎಲೆಕ್ಟ್ರೋಡ್ ಕೂಡಿಸುವಾಗ ಚುಚ್ಚತದ.

ನಾನು ಚರ್ಮ ತಗಿಯೋ ಕ್ರಮ ಇದು. ದತ್ತಾಂಶ ಫ್ಲೋಟ್32 ಆಗಿ ತಗೋರಿ. ಗೆಟ್_ಎಫ್‌ಡೇಟಾ ಸುಮ್ಮನ ಕರದ್ರ ಫ್ಲೋಟ್64 ಬರ್ತದ, 256ರ ಘನಕ್ಕ 134 ಎಂಬಿ ಒಂದೇ ಪ್ರತಿ; ನಾಕು ಪ್ರತಿ ಆದ್ರ ಅರ್ಧ ಜಿಬಿಗಿಂತ ಹೆಚ್ಚು ಹೋಗ್ತದ. ಫ್ಲೋಟ್32 ಅಂದ್ರ 67 ಎಂಬಿ. 1 ವೋಕ್ಸೆಲ್ ಸಿಗ್ಮಾದ ಗೌಸಿಯನ್ (ಮಸುಕು ಮಾಡಿ ನಯ ಮಾಡೋ ಫಿಲ್ಟರ್) ಹಾಕ್ರಿ. ಓಟ್ಸು ಮಿತಿ (ತಲಿ, ಗಾಳಿ ಬ್ಯಾರೆ ಮಾಡೋ ಹೊಳಪಿನ ಮಿತಿ, ತಾನೇ ಲೆಕ್ಕ ಆಗ್ತದ) ತಗೋರಿ, ಗಲ್ಲದ ಮ್ಯಾಲ ತೂತು ಬಿದ್ರ ಅದರ 60–70 ಪ್ರತಿಶತಕ್ಕ ಇಳಿಸ್ರಿ. ಮಿತಿ ಹಾಕಿದ ಮಾಸ್ಕಿಗೆ (ತಲಿ ಇದ್ದಲ್ಲಿ 1, ಇಲ್ಲದಲ್ಲಿ 0) 2–3 ವೋಕ್ಸೆಲ್ ಕ್ಲೋಸಿಂಗ್ ಮಾಡ್ರಿ, ಅಂದ್ರ ಸಣ್ಣ ಸಂದು ಮುಚ್ಚೋದು. ಮೂಗಿನ ಹೊಳ್ಳಿ, ಕಿವಿ ತೂತು ಮುಚ್ಚಬೇಕು, ಇಲ್ಲಾಂದ್ರ ಹೋಲ್ ಫಿಲ್ ಕೆಲಸ ಮಾಡಲ್ಲ, ಯಾಕಂದ್ರ ಒಳಗಿನ ಪೊಳ್ಳು ಹೊರಗಿನ ಗಾಳಿಗೆ ಕೂಡಿರ್ತದ. ಆಮ್ಯಾಲ ಬೈನರಿ_ಫಿಲ್_ಹೋಲ್ಸ್, ಆಮ್ಯಾಲ ಎಲ್ಲಕ್ಕಿಂತ ದೊಡ್ಡ ತುಂಡು ಒಂದೇ ಇಟ್ಕೋರಿ. ಕಡೀಗೆ ಈ ಮಾಸ್ಕನ್ನೇ ಫ್ಲೋಟ್ ಮಾಡಿ ಮತ್ತ 1 ಸಿಗ್ಮಾ ಗೌಸಿಯನ್ ಹಾಕಿ 0.5ಕ್ಕ ಮಾರ್ಚಿಂಗ್ ಕ್ಯೂಬ್ಸ್, ಸ್ಟೆಪ್_ಸೈಜ್ 2. 0 ಮತ್ತ 1 ಇರೋ ಮಾಸ್ಕ್ ಹಾಂಗೇ ಕೊಟ್ರ ಮುಖದ ತುಂಬ ಮೆಟ್ಟಲು ಬರ್ತಾವ.

ಸ್ಪೇಸಿಂಗ್ ಕೊಟ್ಟಿದ್ದೀರೇನು? ಕೊಟ್ಟು ಮ್ಯಾಲ ಅಫೈನ್ ಸಹ ಹಾಕಿದ್ರ ಅಳತಿ ಎರಡು ಸಲ ಆಗ್ತದ. 1 ಮಿ.ಮೀ. ದತ್ತಾಂಶದಾಗ ತಪ್ಪು ಕಾಣಲ್ಲ. 0.8 ಮಿ.ಮೀ. ಕೊಟ್ಟ ದಿನ ತಲಿ ಸಣ್ಣದಾಗ್ತದ. ಎರಡರಾಗ ಒಂದೇ ಹಾಕ್ರಿ, ಅದು ಮ್ಯಾಟ್ರಿಕ್ಸ್ ಇರಲಿ.

ಕಾಗಿನಾದಂಡೆ, ಕಲಬುರಗಿ

ಸ್ಪೇಸಿಂಗೂ ಕೊಟ್ಟಿದ್ದೆ, ಅಫೈನೂ ಹಾಕಿದ್ದೆ. ತಗದು ಬಿಡ್ತೀನಿ. ಟಿಕೆಆರ್ ದಾರಿ ಹಿಡೀತೀನ್ರಿ.

ತೊಗರಿಹೊಲ, ಸೇಡಂ

ಕಡತದ ಗಾತ್ರದ ಲೆಕ್ಕ ನಾನು ಹಾಕಿ ತೋರಿಸುತ್ತೇನೆ, ಆಗ ಎಲ್ಲಿ ಕೊಯ್ಯಬೇಕೆಂದು ತಾನೇ ಗೊತ್ತಾಗುತ್ತದೆ.

ಫ್ರೀಸರ್ಫರ್‌ನ ಸರಾಸರಿ ಮಿದುಳಾದ ಎಫ್‌ಎಸ್‌ಆವರೇಜ್‌ನ ಒಂದು ಅರ್ಧಗೋಳದಲ್ಲಿ 163842 ಬಿಂದು, 327680 ತ್ರಿಕೋನ. ಬಿಂದುವಿಗೆ ಮೂರರಂತೆ 4.9 ಲಕ್ಷ ಸಂಖ್ಯೆ, ತ್ರಿಕೋನಕ್ಕೆ ಮೂರರಂತೆ 9.8 ಲಕ್ಷ ಸೂಚಿ. ಪಠ್ಯರೂಪದ ಜೇಸನ್‌ನಲ್ಲಿ ಫ್ಲೋಟ್64 ಒಂದಕ್ಕೆ 18 ಅಕ್ಷರ, ಸೂಚಿಗೆ 7 ಅಂತ ಹಿಡಿದರೆ ಒಂದು ಅರ್ಧಗೋಳವೇ ಸುಮಾರು 15 ಎಂಬಿ. ಎರಡಕ್ಕೆ 30. ಕಡಿಮೆ ಮಾಡದ ಚರ್ಮ ಸೇರಿಸಿ, ಪ್ಲಾಟ್ಲಿಯ ಜಾವಾಸ್ಕ್ರಿಪ್ಟ್ ಸೇರಿಸಿ. ಅಗ್ಗದ ಮೊಬೈಲ್ ಅದನ್ನು ಹೇಗೆ ತೆರೆದೀತು? ಪ್ಲಾಟ್ಲಿ 6ರಿಂದ ನಂಪೈ ಸರಣಿಗಳು ಬೇಸ್64 ಬೈನರಿಯಾಗಿ ಹೋಗುತ್ತವೆ. ಹಳೆಯ ಆವೃತ್ತಿ ಇದ್ದರೆ ಮೊದಲು ಅದನ್ನು ಬದಲಿಸಿ, ಬಿಂದುಗಳನ್ನು ಫ್ಲೋಟ್32, ಸೂಚಿಗಳನ್ನು ಇಂಟ್32 ಮಾಡಿ. ಪಟ್ಟಿಯಾಗಿ ಪರಿವರ್ತಿಸಿ ಕೊಟ್ಟರೆ ಈ ಲಾಭ ಸಿಗುವುದಿಲ್ಲ, ಸರಣಿಯನ್ನೇ ಕೊಡಬೇಕು.

ಆದರೆ ನಿಜವಾದ ಕೊಯ್ಲು ತ್ರಿಕೋನಗಳಲ್ಲಿದೆ. ತೋರಿಸಲು ಚರ್ಮಕ್ಕೆ 20 ಸಾವಿರ ತ್ರಿಕೋನ ಸಾಕು. ಪೈವಿಸ್ಟಾ ಎಂಬ 3ಡಿ ಮೆಶ್ ಲೈಬ್ರರಿಯಲ್ಲಿ ತ್ರಿಕೋನ ಕಡಿಮೆ ಮಾಡುವ ಡೆಸಿಮೇಟ್‌ಗೆ 0.9 ಕೊಟ್ಟರೆ ಹತ್ತರಲ್ಲಿ ಒಂದು ಉಳಿಯುತ್ತದೆ. 0.9 ಅಂದರೆ ಉಳಿಯುವುದಲ್ಲ, ಹೋಗುವುದು. ಇಲ್ಲಿ ತಪ್ಪುವವರು ಬಹಳ. ನಯ ಮಾಡಬೇಕಿದ್ದರೆ ಸ್ಮೂತ್_ಟಾಬಿನ್ ಬಳಸಿ. ಬರಿಯ ಸ್ಮೂತ್ ಲಾಪ್ಲಾಸಿಯನ್ ವಿಧಾನದ್ದು, ಸುತ್ತು ಹೆಚ್ಚಾದಂತೆ ಮೆಶ್ ಕುಗ್ಗುತ್ತದೆ, ಮೂಗಿನ ತುದಿ ಕರಗುತ್ತದೆ, ಮಿದುಳಿನ ಸುರುಳಿ ಸವೆಯುತ್ತದೆ.

ಪಿಯಲ್‌ಗೆ ಡೆಸಿಮೇಟ್ ಹಾಕುವ ಮುನ್ನ ಯೋಚಿಸಿ. ಬಿಂದುವಿಗೊಂದರಂತೆ ದಪ್ಪವನ್ನೋ ಚಟುವಟಿಕೆಯನ್ನೋ ಬಣ್ಣವಾಗಿ ತೋರಿಸುವವರಿದ್ದರೆ, ಡೆಸಿಮೇಟ್ ಆದ ಮೇಲೆ ಹಳೆಯ ಬಿಂದುಸಂಖ್ಯೆಗೂ ಹೊಸದಕ್ಕೂ ಸಂಬಂಧ ಕಡಿಯುತ್ತದೆ. ಆಗ ಸೈಪೈನ ಸಿಕೆಡಿಟ್ರೀಯಿಂದ ಪ್ರತಿ ಹೊಸ ಬಿಂದುವಿಗೆ ಹತ್ತಿರದ ಹಳೆಯ ಬಿಂದು ಹುಡುಕಿ ಬೆಲೆ ಎತ್ತಿಕೊಳ್ಳಬೇಕು. ಸರಾಸರಿ ಮಿದುಳೇ ಸಾಕಿದ್ದರೆ ಎಫ್‌ಎಸ್‌ಆವರೇಜ್5 ತೆಗೆದುಕೊಳ್ಳಿ: 10242 ಬಿಂದು, 20480 ತ್ರಿಕೋನ. ದೊಡ್ಡ ಎಫ್‌ಎಸ್‌ಆವರೇಜ್‌ನ ದತ್ತಾಂಶ ಕೈಲಿದ್ದರೆ ಅದರ ಮೊದಲ 10242 ಬೆಲೆಗಳೇ ಎಫ್‌ಎಸ್‌ಆವರೇಜ್5ಕ್ಕೆ ಹೊಂದುತ್ತವೆ, ಐಕೊಸಹೀಡ್ರನ್ ಒಡೆದ ಕ್ರಮ ಹಾಗಿದೆ.

ಎಚ್‌ಟಿಎಂಎಲ್ ಬರೆಯುವಾಗ ಇನ್‌ಕ್ಲೂಡ್_ಪ್ಲಾಟ್ಲಿಜೆಎಸ್‌ಗೆ ಸಿಡಿಎನ್ ಕೊಟ್ಟರೆ ಇನ್ನೂ ಕೆಲವು ಎಂಬಿ ಇಳಿಯುತ್ತದೆ. ಆದರೆ ತೆರೆಯುವಾಗ ಇಂಟರ್ನೆಟ್ ಬೇಕು. ಹಳ್ಳಿಯಲ್ಲಿ ಕೂತು ತೆರೆಯುವ ವಿದ್ಯಾರ್ಥಿಗಳಿದ್ದರೆ ಸಿಡಿಎನ್ ಬೇಡ, ಒಳಗೇ ಇರಲಿ.

ಬಿದರಿಕುಸುರಿ, ಬೀದರ್

ತೊಗರಿಹೊಲ ಅವರ ಮಾತಿಗೆ ಒಂದು ಕೂಡಿಸ್ತೀನಿ. ಚರ್ಮ ಪಾರದರ್ಶಕ ಮಾಡಿ ಒಳಗಿನ ಮಿದುಳು ತೋರಿಸೋದು ಎಲ್ಲರೂ ಮೊದಲ ಮಾಡೋ ಕೆಲಸ. ಪ್ಲಾಟ್ಲಿದಾಗ ಒಪಾಸಿಟಿ 0.2 ಹಾಕಿದ್ರ ತಿರುಗಿಸಿದಂಗ ತೇಪಿ ತೇಪಿ ಕಾಣಸ್ತದ, ಯಾಕಂದ್ರ ಹಿಂದಿನ ತ್ರಿಕೋನ ಯಾವುದು ಮುಂದಿಂದು ಯಾವುದು ಅಂತ ಅದು ಸರಿಯಾಗಿ ವಿಂಗಡಿಸಲ್ಲ. ಪೈವಿಸ್ಟಾದಾಗ ಎನೇಬಲ್_ಡೆಪ್ತ್_ಪೀಲಿಂಗ್ ಅದ, ಆದ್ರ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಯಂತ್ರ ಎಳೀತದ.

ಪಾರದರ್ಶಕ ಬಿಟ್ಟು ಅರ್ಧ ತಲಿ ಕೊಯ್ರಿ. ಕ್ಲಿಪ್‌ಗೆ ಎಕ್ಸ್ ದಿಕ್ಕು ಕೊಟ್ರ ಬಲಗಡೆ ಚರ್ಮ ಹೋಗಿ ಮಿದುಳು ಪೂರ್ತಿ ಗಟ್ಟಿಯಾಗಿ ಕಾಣಸ್ತದ, ತ್ರಿಕೋನಾನೂ ಅರ್ಧ ಕಮ್ಮಿ. ಹುಡುಗರಿಗಿ ಮಿದುಳು ಮುಖದ ಎಷ್ಟು ಹಿಂದ, ಎಷ್ಟು ಮ್ಯಾಲ ಅದ ಅಂತ ತಿಳೀಬೇಕಂದ್ರ ಇದರಷ್ಟು ಸ್ಪಷ್ಟ ಇನ್ನೊಂದಿಲ್ಲ. ಹಿನ್ನೆಲೆ ಕಪ್ಪು ಇಡ್ರಿ. ನಮ್ಮ ಬಿದರಿ ಕಸಬುದಾರರು ಸತು ತಾಮ್ರದ ಪಾತ್ರೆ ಕೋಟೆ ಮಣ್ಣಿನಿಂದ ಕಪ್ಪು ಮಾಡೋದೇ ಬೆಳ್ಳಿ ಎಳಿ ಎದ್ದು ಕಾಣಲಿ ಅಂತ. ಮಿದುಳಿಗಿ ತಿಳಿ ಬೂದು ಬಣ್ಣ, ಸುಲ್ಕಸ್‌ದ ತಗ್ಗಿಗೆ ಗಾಢ ಬೂದು, ಫ್ರೀಸರ್ಫರ್‌ದ ಕರ್ವ್ ಕಡತದ (ಮಿದುಳಿನ ಮೈಯ ಬಾಗು) ಚಿಹ್ನೆ ನೋಡಿ ಎರಡೇ ಬಣ್ಣ. ದತ್ತಾಂಶದ ಬಣ್ಣ ಅದರ ಮ್ಯಾಲ ಬಂದ್ರ ಎದ್ದು ಕಾಣಸ್ತದ. ಧನ ಋಣ ಎರಡೂ ಇರೋ ನಕ್ಷೆಗೆ ಸೊನ್ನಿಯ ಎರಡೂ ಕಡೆ ಬ್ಯಾರೆ ಬಣ್ಣ ಆಗೋ ಕಲರ್‌ಮ್ಯಾಪ್ ಹಾಕ್ರಿ, ಜೆಟ್ ಬ್ಯಾಡ. ಜೆಟ್‌ನ ಹಳದಿ ಪಟ್ಟಿ ದತ್ತಾಂಶದಾಗ ಇಲ್ಲದ ಗಡಿ ತೋರಿಸ್ತದ.

ಬುದ್ಧಗುಡ್ಡ, ಶಹಾಪುರ

ನಮ್ಮ ವಿಭಾಗದ ಸರ್ವರ್‌ನಾಗ ಪೈವಿಸ್ಟಾ ಪ್ಲಾಟ್ ಕರದ ಕೂಡ್ಲೇ ಕರ್ನಲ್ ಸಾಯ್ತದ್ರಿ. ಬ್ಯಾಡ್ ಎಕ್ಸ್ ಸರ್ವರ್ ಕನೆಕ್ಷನ್ ಅಂತ ಬರ್ತದ. ಲ್ಯಾಪ್‌ಟಾಪ್‌ನಾಗ ಅದೇ ನೋಟ್‌ಬುಕ್ ಓಡ್ತದ.

ಭೀಮಾತೀರ, ಯಾದಗಿರಿ

ಸರ್ವರ್‌ಗೆ ಪರದಿ ಇಲ್ಲ ತಮ್ಮಾ, ಪೈವಿಸ್ಟಾದ ಅಡಿಯಾಗ ಚಿತ್ರ ಬರಿಯೋ ವಿಟಿಕೆ ಪರದಿ ಹುಡುಕ್ತದ. ವಿಟಿಕೆ 9.4ರಿಂದ ಲಿನಕ್ಸ್‌ನಾಗ ಪರದಿ ಇಲ್ಲಾಂದ್ರ ತಾನೇ ಪರದಿ ಇಲ್ಲದೇ ಚಿತ್ರ ಬರಿಯೋ ಇಜಿಎಲ್ ಅಥವಾ ಓಎಸ್‌ಮೆಸಾ ಕಡೆ ಹೊಳ್ಳತದ. ಮೊದಲ ಆವೃತ್ತಿ ಏರಿಸಿ ನೋಡು. ಅದು ಆಗಲ್ಲಾಂದ್ರ ಅಡ್ಮಿನ್ ಕಡೆಯಿಂದ ಎಕ್ಸ್‌ವಿಎಫ್‌ಬಿ (ಸುಳ್ಳು ಪರದಿ) ಹಾಕಿಸಿ, ಜುಪಿಟರ್‌ನ್ನೇ ಎಕ್ಸ್‌ವಿಎಫ್‌ಬಿ-ರನ್ ಮೂಲಕ ಚಾಲೂ ಮಾಡಿಸು.

ಆಮ್ಯಾಲ ಬ್ಯಾಕೆಂಡ್ ಆರಿಸೋದು. ಸೆಟ್_ಜುಪಿಟರ್_ಬ್ಯಾಕೆಂಡ್‌ಗೆ ಸ್ಟಾಟಿಕ್ ಕೊಟ್ರ ಬರೀ ಚಿತ್ರ, ತಿರುಗಲ್ಲ. ಸರ್ವರ್ ಅಂದ್ರ ಚಿತ್ರ ಅಲ್ಲೇ ತಯಾರಾಗಿ ನಿನ್ನ ಬ್ರೌಸರ್‌ಗೆ ಬರ್ತದ. ದೊಡ್ಡ ಮೆಶ್‌ಗೂ ವಾಲ್ಯೂಮ್ ರೆಂಡರಿಂಗ್‌ಗೂ ಇದೇ ಬೇಕು, ನೆಟ್ ನಿಧಾನ ಇದ್ರ ಮೌಸ್ ಹಿಂದ ಚಿತ್ರ ತಡವಾಗಿ ಬರ್ತದ. ಕ್ಲೈಂಟ್ ಅಂದ್ರ ಮೆಶ್ ಒಂದು ಸಲ ಇಳದು ಬ್ರೌಸರ್‌ನಾಗೇ ತಿರುಗ್ತದ. ಎಚ್‌ಟಿಎಂಎಲ್ ಅಂದ್ರ ಕ್ಲೈಂಟ್‌ದಂಗೇ, ಆದ್ರ ಕರ್ನಲ್ ಮುಚ್ಚಿದ್ರೂ ಚಿತ್ರ ಉಳೀತದ. ಹುಡುಗರಿಗಿ ಹಂಚೋದು ಇದನ್ನೇ. ಜುಪಿಟರ್‌ಹಬ್ (ಒಂದೇ ಸರ್ವರ್‌ನಾಗ ಹಲವರ ಜುಪಿಟರ್) ಇದ್ರ ಸರ್ವರ್, ಕ್ಲೈಂಟ್ ಎರಡಕ್ಕೂ ಜುಪಿಟರ್-ಸರ್ವರ್-ಪ್ರಾಕ್ಸಿ ಬೇಕು, ಪೈವಿಸ್ಟಾದ ಟ್ರೇಮ್ ಸೆಟ್ಟಿಂಗ್‌ನಾಗ ಸರ್ವರ್_ಪ್ರಾಕ್ಸಿ_ಎನೇಬಲ್ಡ್ ಚಾಲೂ ಮಾಡಬೇಕು. ಇಲ್ಲಾಂದ್ರ ಖಾಲಿ ಬಿಳಿ ಚೌಕ.

ಬಿಳಿ ಚೌಕಕ್ಕ ಇನ್ನೊಂದು ಕಾರಣ: ಬ್ಯಾರೆಯವರು ಕಳಿಸಿದ ನೋಟ್‌ಬುಕ್ ಟ್ರಸ್ಟ್ ಮಾಡದಿದ್ರ ಅದರ ಜಾವಾಸ್ಕ್ರಿಪ್ಟ್ ಓಡಲ್ಲ. ಗಿಟ್‌ಹಬ್ ಪುಟದಾಗ ಸಹ ತಿರುಗೋ ಚಿತ್ರ ಕಾಣಲ್ಲ.

ಕಾಗಿನಾದಂಡೆ, ಕಲಬುರಗಿ

ಎಲೆಕ್ಟ್ರೋಡ್ ಒಂದೇ ಚುಕ್ಕಿ ಆಗಿದ್ದಕ್ಕ 1000ದಿಂದ ಗುಣಿಸಿದೆ. ಹರಡಿಕೊಂಡ್ವು, ಆದ್ರ ಟೊಪ್ಪಿಗಿ ಹಣಿ ಮ್ಯಾಲ ಜಾರಿದಂಗ ಕಾಣಸ್ತದ.

ಬಿದರಿಕುಸುರಿ, ಬೀದರ್

ಎಂಎನ್ಇ ಎಲ್ಲಾನೂ ಮೀಟರ್‌ನಾಗ ಇಡ್ತದ, ಅದಕ್ಕ 1000 ಖರೆ. ಆದ್ರ ಅಳತಿ ಸರಿ ಆದ್ರ ಸಾಲಲ್ಲ, ಸೊನ್ನಿ ಮತ್ತ ಬ್ಯಾರೆ. ಎಲೆಕ್ಟ್ರೋಡ್ ಇರೋದು ಹೆಡ್ ಜಾಗದಾಗ: ಎಡಗಿವಿ ಬಲಗಿವಿ ಮುಂದಿನ ಬಿಂದುಗಳನ್ನ ಕೂಡಿಸೋ ಗೆರಿ ಎಕ್ಸ್, ಮೂಗಿನ ಬುಡದಿಂದ ಆ ಗೆರಿಗೆ ಲಂಬ ಬಿಟ್ಟ ಕಡೆ ಸೊನ್ನಿ, ಅಲ್ಲಿಂದ ಮೂಗಿನ ಬುಡದ ಕಡೆ ವೈ. ಅದನ್ನ ಎಂಆರ್‌ಐ ಜಾಗಕ್ಕ ಒಯ್ಯೋದೇ ಟ್ರಾನ್ಸ್ ಕಡತ, ಸರಿಸೋದು ಮತ್ತ ತಿರುಗಿಸೋದು ಎರಡೂ ಅದರಾಗ ಇರ್ತದ. ಮೊದಲ ಟ್ರಾನ್ಸ್ ಹಾಕ್ರಿ, ಆಮ್ಯಾಲ 1000. ಉಲ್ಟಾ ಮಾಡಿದ್ರ ಸರಿಸೋ ಭಾಗ ಸಾವಿರ ಪಟ್ಟು ಕಮ್ಮಿ ಆಗ್ತದ. ನಿಮಗ ಟೊಪ್ಪಿಗಿ ಜಾರಿದ್ದು ಟ್ರಾನ್ಸ್ ಹಾಕದೇ ಇದ್ದದ್ದಕ್ಕ.

ಟ್ರಾನ್ಸ್ ನೋಟ್‌ಬುಕ್‌ನಾಗೇ ತಯಾರು ಮಾಡ್ಲಾಕ ಬರ್ತದ. ಎಂಎನ್ಇಯ ಕೋರೆಜಿಸ್ಟ್ರೇಷನ್ ಕ್ಲಾಸ್ ತಗೊಂಡು ಫಿಟ್_ಫಿಡ್ಯೂಷಿಯಲ್ಸ್ (ಮೂಗಿನ ಬುಡ, ಎರಡು ಕಿವಿ ಹೊಂದಿಸೋದು), ಆಮ್ಯಾಲ ಫಿಟ್_ಐಸಿಪಿ (ತಲಿ ಬಿಂದುಗಳನ್ನ ಹತ್ರದ ಚರ್ಮಕ್ಕ ಹೊಂದಿಸೋದು) 6 ಸುತ್ತು, ಆಮ್ಯಾಲ ಚರ್ಮದಿಂದ 5 ಮಿ.ಮೀ.ಗಿಂತ ದೂರ ಇರೋ ತಲಿ ಬಿಂದುಗಳನ್ನ ತಗಿಯೋದು, ಮತ್ತ ಐಸಿಪಿ 20 ಸುತ್ತು. ಆ 5 ಮಿ.ಮೀ. ಕೊಡುವಾಗ 0.005 ಅಂತ ಬರೀರಿ, ಅಲ್ಲೂ ಮೀಟರ್. 5 ಅಂತ ಬರದ್ರ ಒಂದು ಬಿಂದೂ ಹೋಗಲ್ಲ, ಎರರ್ ಸಹ ಬರಲ್ಲ.

ನಿಮ್ಮ ಹತ್ರ ಅಳದ ಎಲೆಕ್ಟ್ರೋಡ್ ಜಾಗ ಇಲ್ಲದೇ ಸ್ಟ್ಯಾಂಡರ್ಡ್_1020 ಬಳಸಿದ್ರ ಅದು ಮಾದರಿ ತಲಿಯದು. ಈ ಮನುಷ್ಯನ ತಲಿ ಮ್ಯಾಲ ಕೆಲವು ತೇಲ್ತಾವ, ಕೆಲವು ಚರ್ಮದಾಗ ಮುಳುಗ್ತಾವ. ಪ್ಲಾಟ್_ಅಲೈನ್‌ಮೆಂಟ್‌ನಾಗ ಇಇಜಿಗೆ ಪ್ರೊಜೆಕ್ಟೆಡ್ ಅಂತ ಕೊಟ್ರ ಚರ್ಮದ ಮ್ಯಾಲ ಕೂಡಸ್ತದ. ಪಾಠಕ್ಕ ಅದು ನಡೀತದ. ಸಂಕೇತ ಮಿದುಳಿನಾಗ ಎಲ್ಲಿಂದ ಬಂತು ಅಂತ ಹುಡುಕೋ ಲೆಕ್ಕಕ್ಕ ನಡಿಯಲ್ಲ. ಎಫ್‌ಎಸ್‌ಆವರೇಜ್ ತಲೀನೇ ಬಳಸಿದ್ರ ಟ್ರಾನ್ಸ್ ಅದರ ಜೊತಿಗೇ ಬರ್ತದ, ಅದು ಎಲ್ಲಕ್ಕಿಂತ ಹಗುರ.

ಬುದ್ಧಗುಡ್ಡ, ಶಹಾಪುರ

ಸ್ಕ್ಯಾನಿಂಗ್ ಸೆಂಟರ್‌ನಿಂದ ಸಿಡಿಯೊಳಗ ಬರೋ ಡೈಕಾಮ್‌ಗೆ (ಆಸ್ಪತ್ರೆ ಸ್ಕ್ಯಾನ್‌ದ ಕಡತ ರೂಪ) ಇದೆಲ್ಲಾ ಮಾಡಿದ್ರ ಮುಖ ಮೆಟ್ಟಲು ಮೆಟ್ಟಲು ಆಗ್ತದ. ಇಂಟರ್‌ಪೊಲೇಟ್ ಮಾಡಿ 1 ಮಿ.ಮೀ. ಮಾಡಿದ್ರ ಆಗ್ತದೇನ್ರಿ?

ಪರಸಿಕಲ್ಲು, ಶಹಾಬಾದ್

ಆಗುವುದಿಲ್ಲ. ಮೊದಲು ಹೆಡರ್‌ನಲ್ಲಿ ಗೆಟ್_ಝೂಮ್ಸ್ ನೋಡಿ. ರೋಗನಿರ್ಣಯಕ್ಕೆ ತೆಗೆದ ಎಂಆರ್‌ಐ ಸರಣಿಗಳಲ್ಲಿ ಬಹುಪಾಲು 0.5×0.5×5 ಮಿ.ಮೀ. ತರಹ ಇರುತ್ತವೆ. ನಮ್ಮೂರ ಪರಸಿಕಲ್ಲನ್ನು ಒಂದರ ಮೇಲೊಂದು ಪೇರಿಸಿ ದುಂಡು ಮುಖ ಮಾಡಿದಂತೆ: ಕಲ್ಲಿನ ಮೈ ಎಷ್ಟು ನಯವಾಗಿದ್ದರೂ ಕಲ್ಲಿನ ದಪ್ಪ ಅಂಚಿನಲ್ಲಿ ಕಂಡೇ ಕಾಣುತ್ತದೆ. ಇಂಟರ್‌ಪೊಲೇಷನ್ ಅಂಚಿಗೆ ಗಿಲಾವು ಹಚ್ಚುತ್ತದೆ ಅಷ್ಟೆ, 5 ಮಿ.ಮೀ.ಯೊಳಗೆ ಸರಾಸರಿಯಾಗಿ ಹೋದ ಸುಲ್ಕಸ್ ಮರಳಿ ಬರುವುದಿಲ್ಲ.

ಅದೇ ಸಿಡಿಯಲ್ಲಿ 3ಡಿ ಟಿ1 ಸರಣಿ ಇದೆಯೇ ಹುಡುಕಿ. ತಯಾರಕರಿಗೆ ತಕ್ಕಂತೆ ಎಂಪಿರೇಜ್, ಬ್ರಾವೊ, 3ಡಿ ಟಿಎಫ್‌ಇ ಎಂಬ ಹೆಸರುಗಳಿರುತ್ತವೆ, 150ಕ್ಕಿಂತ ಹೆಚ್ಚು ಚಿತ್ರಗಳಿರುವ ಸರಣಿ ಕಂಡರೆ ಬಹುಶಃ ಅದೇ. ಇಲ್ಲದಿದ್ದರೆ ಫ್ರೀಸರ್ಫರ್ ಜೊತೆಗಿರುವ ಸಿಂತ್‌ಎಸ್‌ಆರ್ ದಪ್ಪ ಸರಣಿಯಿಂದ 1 ಮಿ.ಮೀ. ಟಿ1 ಸೃಷ್ಟಿಸುತ್ತದೆ. ಸೃಷ್ಟಿಸುತ್ತದೆ ಎಂಬ ಮಾತನ್ನು ಗಟ್ಟಿಯಾಗಿ ಹಿಡಿಯಿರಿ: ಗಡ್ಡೆ ಅಥವಾ ಹಳೆಯ ಸ್ಟ್ರೋಕ್‌ನ ಗುರುತು ಇದ್ದ ಜಾಗವನ್ನು ಅದು ಆರೋಗ್ಯವಂತ ಅಂಗಾಂಶದಂತೆ ತುಂಬಿಬಿಡುತ್ತದೆ. ಆ ಚಿತ್ರವನ್ನು ರೋಗಿಯ ಸ್ಥಿತಿ ಎಂದು ಯಾರಿಗೂ ತೋರಿಸಬಾರದು.

ಸಿಟಿ ಇದ್ದರೆ ಬುರುಡೆ ತೆಗೆಯುವುದು ಸುಲಭ. ಗಾಳಿ −1000, ನೀರು 0 ಹೌನ್ಸ್‌ಫೀಲ್ಡ್. 300ಕ್ಕೆ ಮಿತಿ ಇಟ್ಟರೆ ಮೂಳೆ, −300ರ ಸುತ್ತ ಇಟ್ಟರೆ ಚರ್ಮ. ಅಲ್ಲಿ ಕಾಡುವುದು ಗ್ಯಾಂಟ್ರಿ ಓರೆ. ಯಂತ್ರ ಓರೆಯಾಗಿ ತೆಗೆದ ಹೋಳುಗಳನ್ನು ನೆಟ್ಟಗೆ ಪೇರಿಸಿದರೆ ಇಡೀ ತಲೆ ಗಾಳಿಗೆ ಬಾಗಿದಂತೆ ಓರೆಯಾಗುತ್ತದೆ. ಡಿಸಿಎಂ2ನಿಕ್ಸ್‌ನಿಂದ ನಿಫ್ಟಿ ಮಾಡಿದರೆ ಹೆಸರಿನ ಕೊನೆಗೆ ಟಿಲ್ಟ್ ಎಂದಿರುವ ಇನ್ನೊಂದು ಕಡತವೂ ಬರುತ್ತದೆ, ಅದು ಸರಿಪಡಿಸಿದ್ದು. ಹೋಳುಗಳ ಅಂತರ ಮೇಲೆ ಕೆಳಗೆ ಬೇರೆ ಬೇರೆ ಇದ್ದರೆ ಈಕ್ಯೂ ಎಂಬ ಬಾಲದ ಕಡತ ತೆಗೆದುಕೊಳ್ಳಿ.

ಕಾಗಿನಾದಂಡೆ, ಕಲಬುರಗಿ

ಪರಸಿಕಲ್ಲು ಸರ್, ಹಿಪೊಕ್ಯಾಂಪಸ್ ಬ್ಯಾರೆ ಬಣ್ಣದಾಗ ತೋರಿಸ್ಲಾಕ ಎಸೆಗ್ ಕಡತ (ಫ್ರೀಸರ್ಫರ್ ಮಿದುಳಿನ ಭಾಗಕ್ಕೊಂದು ನಂಬರ್ ಕೊಟ್ಟದ್ದು) ಮೂಲ ಟಿ1ಕ್ಕ ರೀಸ್ಯಾಂಪಲ್ ಮಾಡಿದೆ. ಹಿಪೊಕ್ಯಾಂಪಸ್ ಸುತ್ತ ಥಾಲಮಸ್‌ದ ಬಣ್ಣದ ಸಿಪ್ಪಿ ಬಂದದ.

ಪರಸಿಕಲ್ಲು, ಶಹಾಬಾದ್

ಲೀನಿಯರ್ ಇಂಟರ್‌ಪೊಲೇಷನ್ ಆಗಿದೆ. ಎಡ ಹಿಪೊಕ್ಯಾಂಪಸ್‌ನ ಲೇಬಲ್ 17, ಹಿನ್ನೆಲೆ 0. ಅಂಚಿನಲ್ಲಿ ಎರಡರ ನಡುವಿನ ಸಂಖ್ಯೆಗಳೆಲ್ಲ ಹುಟ್ಟುತ್ತವೆ. 10 ಬಂದಲ್ಲಿ ಎಡ ಥಾಲಮಸ್, 8 ಬಂದಲ್ಲಿ ಎಡ ಅನುಮಸ್ತಿಷ್ಕದ ಹೊರಪದರ. ಲೇಬಲ್ ಎಂಬುದು ಮನೆ ನಂಬರ್ ಇದ್ದಂತೆ, ಅದರ ಸರಾಸರಿ ತೆಗೆಯುವಂತಿಲ್ಲ. ನಿಯರೆಸ್ಟ್ ಎಂದೇ ಕೊಡಬೇಕು. ನಯವಾದ ಮೆಶ್ ಬೇಕಿದ್ದರೆ 17 ಇರುವಲ್ಲಿ 1, ಉಳಿದೆಡೆ 0 ಮಾಡಿ, ಆಮೇಲೆ ಆ ಮಾಸ್ಕಿಗೆ ಗೌಸಿಯನ್ ಹಾಕಿ. ಬಲಗಡೆಗೆ 53.

ಇದು ಕೇಳಿದ್ದು ಒಳ್ಳೆಯದಾಯಿತು, ಏಕೆಂದರೆ ಎಡ ಬಲದ ಮಾತು ಈವರೆಗೆ ಯಾರೂ ಎತ್ತಿಲ್ಲ. 17 ಚಿತ್ರದಲ್ಲಿ ಯಾವ ಕಡೆ ಇದೆ ನೋಡಿ. ಮುಂದಿನಿಂದ ಮುಖ ನೋಡುವಾಗ ಅದು ನಿಮ್ಮ ಬಲಗೈ ಕಡೆ ಇರಬೇಕು. ಡೈಕಾಮ್ ಎಡಕ್ಕೂ ಹಿಂದಕ್ಕೂ ಧನ ಎನ್ನುತ್ತದೆ, ನಿಫ್ಟಿ ಬಲಕ್ಕೂ ಮುಂದಕ್ಕೂ. ಐಟಿಕೆ (ವೈದ್ಯಕೀಯ ಚಿತ್ರಗಳ ಲೈಬ್ರರಿ) ಆಧಾರದ ಉಪಕರಣಗಳು ಡೈಕಾಮ್ ರೀತಿಯವು. ಅಲ್ಲಿಂದ ಮೆಶ್ ತಂದರೆ ಎಕ್ಸ್, ವೈ ಎರಡರ ಚಿಹ್ನೆ ಬದಲಿಸಬೇಕು. ಎಕ್ಸ್ ಒಂದನ್ನೇ ಬದಲಿಸಿದರೆ ಕನ್ನಡಿ ಬಿಂಬವಾಗುತ್ತದೆ, ಮಿದುಳು ಎರಡೂ ಕಡೆ ಹೆಚ್ಚುಕಡಿಮೆ ಒಂದೇ ತರಹ ಇರುವುದರಿಂದ ಕಣ್ಣಿಗೆ ಸಿಕ್ಕುವುದಿಲ್ಲ. ಹೊಸದಾಗಿ ಸ್ಕ್ಯಾನ್ ಮಾಡಿಸುವ ಅವಕಾಶ ಇದ್ದರೆ ಬಲ ಕಿವಿಯ ಹತ್ತಿರ ವಿಟಮಿನ್ ಇ ಗುಳಿಗೆಯೊಂದನ್ನು ಅಂಟಿಸಲು ಹೇಳಿ. ಎಣ್ಣೆ ಟಿ1ನಲ್ಲಿ ಬೆಳ್ಳಗೆ ಹೊಳೆಯುತ್ತದೆ, ಚರ್ಮದ ಮೆಶ್‌ನಲ್ಲಿ ಉಬ್ಬಾಗಿ ಬರುತ್ತದೆ. ಬಲ ಯಾವುದು ಎಂಬ ವಾದವೇ ಉಳಿಯುವುದಿಲ್ಲ.

ತೊಗರಿಹೊಲ, ಸೇಡಂ

ಬುದ್ಧಗುಡ್ಡ ಅವರು ರೋಗಿಯ ಸಿಡಿ ಎಂದಿದ್ದಕ್ಕೆ ಇದನ್ನು ಹೇಳಲೇಬೇಕು. ಚರ್ಮದ ಮೆಶ್ ಎಂದರೆ ಆ ಮನುಷ್ಯನ ಮುಖ. 2019ರಲ್ಲಿ ಮೇಯೊ ಕ್ಲಿನಿಕ್‌ನ ಸಂಶೋಧಕರು 84 ಸ್ವಯಂಸೇವಕರ ಎಂಆರ್‌ಐನಿಂದ ಮುಖ ಕಟ್ಟಿ, ಮುಖ ಗುರುತಿಸುವ ಸಾಫ್ಟ್‌ವೇರ್‌ಗೆ ಕೊಟ್ಟಾಗ 70 ಮಂದಿಯ ಫೋಟೊ ಸರಿಯಾಗಿ ಹೊಂದಿತು. ತರಗತಿಯ ವಾಟ್ಸಾಪ್ ಗುಂಪಿಗೆ ಹೋದ ಎಚ್‌ಟಿಎಂಎಲ್ ಮತ್ತೆ ಕೈಗೆ ಬರುವುದಿಲ್ಲ. ಕಲಬುರಗಿಯ ಜಿಮ್ಸ್, ಬೀದರಿನ ಬ್ರಿಮ್ಸ್, ಯಾದಗಿರಿಯ ಯಿಮ್ಸ್, ಎಲ್ಲಿಂದಲೇ ದತ್ತಾಂಶ ತರುವುದಿದ್ದರೂ ರೋಗಿಯ ಒಪ್ಪಿಗೆ ಮತ್ತು ಸಂಸ್ಥೆಯ ಎಥಿಕ್ಸ್ ಕಮಿಟಿಯ ಅನುಮತಿ ಮೊದಲು. ಪಾಠಕ್ಕೆ ಎಂಎನ್ಇಯ ಮಾದರಿ ದತ್ತಾಂಶ ಅಥವಾ ಓಪನ್‌ನ್ಯೂರೋ ಎಂಬ ಮುಕ್ತ ದತ್ತಾಂಶ ತಾಣ ಸಾಕು.

ಪೈಡಿಫೇಸ್ ಎಂಬ ಉಪಕರಣ ಎಂಆರ್‌ಐನಿಂದ ಮುಖ ಅಳಿಸುತ್ತದೆ. ಆದರೆ ಮೂಗಿನ ಬುಡವೂ ಹೋಗಬಹುದು, ಎಲೆಕ್ಟ್ರೋಡ್ ಹೊಂದಿಸಲು ಅದೇ ಬೇಕಾದ ಗುರುತು. ಆದ್ದರಿಂದ ಟ್ರಾನ್ಸ್ ಮೊದಲು ತಯಾರಿಸಿ, ಅಳಿಸುವುದು ಆಮೇಲೆ, ಹಂಚುವುದು ಅಳಿಸಿದ್ದನ್ನು ಮಾತ್ರ. ಕಡತದ ಹೆಸರಿನಲ್ಲಿ ರೋಗಿಯ ಹೆಸರು ಉಳಿದಿರುವುದು ಎಲ್ಲಕ್ಕಿಂತ ಸಾಮಾನ್ಯ ತಪ್ಪು, ನೋಟ್‌ಬುಕ್‌ನ ಔಟ್‌ಪುಟ್‌ನಲ್ಲೂ ಆ ದಾರಿ ಮುದ್ರಣವಾಗಿರುತ್ತದೆ. ಹಂಚುವ ಮುನ್ನ ಔಟ್‌ಪುಟ್ ಪೂರ್ತಿ ಅಳಿಸಿ ಮತ್ತೊಮ್ಮೆ ಓಡಿಸಿ.

ಬುದ್ಧಗುಡ್ಡ, ಶಹಾಪುರ

ತಿಳೀತು ಮೇಡಂ. ಸಿಡಿ ಬಿಟ್ಟು ಓಪನ್‌ನ್ಯೂರೋದ್ದು ತಗೋತೀನಿ. ಇನ್ನೊಂದು: ಕರೆಂಟ್ ಹೋಗಿ ರಿಕಾನ್-ಆಲ್ ನಡುವ ನಿಂತದ, ಮತ್ತ ಚಾಲೂ ಮಾಡಿದ್ರ ಆಗಲೇ ಓಡ್ತಾ ಇದೆ ಅಂತದ.

ಭೀಮಾತೀರ, ಯಾದಗಿರಿ

ಸ್ಕ್ರಿಪ್ಟ್ಸ್ ಫೋಲ್ಡರ್‌ನಾಗ ಈಸ್‌ರನ್ನಿಂಗ್ ಅಂತ ಶುರು ಆಗೋ ಕಡತ ಅದ, ಅದನ್ನ ಅಳಿಸು. ಆಮ್ಯಾಲ ಮೊದಲಿಂದ ಬ್ಯಾಡ, ಮೇಕ್ ಆಲ್ ಆಯ್ಕೆ ಕೊಡು, ಮುಗದ ಹಂತ ಬಿಟ್ಟು ಉಳದದ್ದು ಮಾಡ್ತದ.

ಕಾಗಿನಾದಂಡೆ, ಕಲಬುರಗಿ

ಟಿ1.ಎಂಜಿಝಡ್‌ದಿಂದ ಚರ್ಮ, ಟಿಕೆಆರ್ ಮ್ಯಾಟ್ರಿಕ್ಸ್, ಪ್ಯಾಡ್ 1 ಕಳದು, ತ್ರಿಕೋನ ತಿರುಗಿಸಿ ಮಾಡಿದೆ. ಮಿದುಳು ಬುರುಡಿ ಒಳಗ ಕುಂತದ, ಮುಖ ಬೆಳ್ಳಗಾಗ್ಯದ. ಬಲಗಡೆ ಚರ್ಮ ಕೊಯ್ದು ಎಚ್‌ಟಿಎಂಎಲ್ ಮಾಡಿದ್ದು ಮೊಬೈಲ್‌ನಾಗ ತೆರೀತದ. ಕಡೀ ಪ್ರಶ್ನೆ: ಪೈವಿಸ್ಟಾದಾಗ ಭಾಗಗಳ ಹೆಸರು ಕನ್ನಡದಾಗ ಹಾಕಿದ್ರ ಬರೀ ಡಬ್ಬಿ ಬರ್ತಾವ.

ತೊಗರಿಹೊಲ, ಸೇಡಂ

ವಿಟಿಕೆಯ ಮೂಲ ಫಾಂಟ್‌ನಲ್ಲಿ ಕನ್ನಡ ಇಲ್ಲ, ಅದಕ್ಕೆ ಡಬ್ಬಿ. ಫಾಂಟ್_ಫೈಲ್‌ಗೆ ನೋಟೊ ಸ್ಯಾನ್ಸ್ ಕನ್ನಡ ಕೊಟ್ಟರೆ ಅಕ್ಷರ ಬರುತ್ತವೆ, ಆದರೆ ಒತ್ತಕ್ಷರ ಕೂಡುವುದಿಲ್ಲ. ಮಸ್ತಿಷ್ಕ ಎಂದು ಬರೆದರೆ ತ, ಕ ಎರಡೂ ಒತ್ತಾಗಿ ಕೆಳಗೆ ಇಳಿಯದೆ ಸಾಲಿನಲ್ಲೇ ಬಿಡಿಯಾಗಿ ನಿಲ್ಲುತ್ತವೆ, ಏಕೆಂದರೆ ಅಕ್ಷರಗಳನ್ನು ಜೋಡಿಸುವ ಕೆಲಸ ಅದು ಮಾಡುವುದಿಲ್ಲ. ಮೆಶ್‌ನ ಮೇಲೆ 1, 2, 3 ಎಂದು ಅಂಕಿ ಮಾತ್ರ ಇಡಿ. ಮಹಾಮಸ್ತಿಷ್ಕ, ಅನುಮಸ್ತಿಷ್ಕ ಎಂಬ ಹೆಸರುಗಳನ್ನು ಕೆಳಗಿನ ಮಾರ್ಕ್‌ಡೌನ್ ಸೆಲ್‌ನಲ್ಲಿ ಕೋಷ್ಟಕ ಮಾಡಿ. ಹೆಸರು ಚಿತ್ರದ ಮೇಲೆಯೇ ಬೇಕಿದ್ದರೆ ಪ್ಲಾಟ್ಲಿಯ ಹೋವರ್ ಮತ್ತು ಅನೊಟೇಷನ್ ಬಳಸಿ, ಅವನ್ನು ಬರೆಯುವುದು ಬ್ರೌಸರ್, ಕನ್ನಡ ಸರಿಯಾಗಿ ಕೂಡುತ್ತದೆ. ಅದನ್ನೇ ಸರ್ವರ್‌ನಲ್ಲಿ ಪಿಎನ್‌ಜಿ ಮಾಡುವಾಗ ಮತ್ತೆ ಡಬ್ಬಿ ಬಂದರೆ ಆ ಯಂತ್ರದಲ್ಲಿ ಕನ್ನಡ ಫಾಂಟ್ ಇಲ್ಲ ಎಂದರ್ಥ. ಉಬುಂಟು, ಡೆಬಿಯನ್‌ನಲ್ಲಿ ಫಾಂಟ್ಸ್-ಕೆಎನ್‌ಡಿಎ ಪ್ಯಾಕೇಜ್ ಹಾಕಿಸಿ, ಗುಬ್ಬಿ ಮತ್ತು ನವಿಲು ಎರಡೂ ಬರುತ್ತವೆ.